ಎರಡು ಮುಚ್ಚಳ, ಒಂದು ನೊಣ

ಸುಳ್ಳು ಹೇಳಲೇಬೇಕೆಂದಿದ್ದರೆ ಆನೆಯದೋ ಹುಲಿಯದೋ ಹೇಳಬಹುದಿತ್ತು. ನೊಣದ ವಿಷಯದಲ್ಲಿ ಸುಳ್ಳು ಹೇಳಿ ಯಾರು ಉದ್ಧಾರವಾಗಿದ್ದಾರೆ? ಆದ್ದರಿಂದ ಇದು ನಡೆದದ್ದೇ ಎಂದು ಇಟ್ಟುಕೊಳ್ಳಿ. ಓದುವಾಗ ಕಿವಿಯ ಹತ್ತಿರ ಏನಾದರೂ ಗುಂಯ್‌ಗುಟ್ಟಿದರೆ ಮಾತ್ರ ಒಮ್ಮೆ ಹಿಂದೆ ತಿರುಗಿ ನೋಡಿಬಿಡಿ.

ಆ ಮನೆಯಲ್ಲಿ ಎರಡು ಮುಚ್ಚಳಗಳಿದ್ದವು. ಒಂದು, ಒಳಕೋಣೆಯಲ್ಲಿ ಎರಡು ಸ್ಟೂಲುಗಳ ಮೇಲೆ ಅಂಗಾತ ಮಲಗಿದ್ದ ಪಿಯಾನೋದ ಮುಚ್ಚಳ. ಇನ್ನೊಂದು, ಅದೇ ಕೋಣೆಯ ಕಿಟಕಿಯ ಆಚೆ, ಹಿತ್ತಿಲ ಕಟ್ಟೆಯ ಮೇಲಿದ್ದ ಗೊಬ್ಬರದ ಡಬ್ಬದ ಮುಚ್ಚಳ. ಮೊದಲನೆಯದಕ್ಕೆ ಗಂಡ ಜವಾಬ್ದಾರ, ಎರಡನೆಯದಕ್ಕೆ ಹೆಂಡತಿ. ಎರಡರ ನಡುವೆ ಓಡಾಡಿಕೊಂಡಿದ್ದ ನೊಣಗಳಿಗೆ ಮಾತ್ರ ಯಾರೂ ಜವಾಬ್ದಾರರಲ್ಲ.

ಗಂಡನನ್ನು ಬೀದಿಯವರೆಲ್ಲ ಪಾಲಿಶಣ್ಣ ಎನ್ನುತ್ತಿದ್ದರು. ಹಳೆಯ ಕುರ್ಚಿ, ಮೇಜು, ಬೀರುಗಳನ್ನು ಉಪ್ಪುಕಾಗದ ಹಾಕಿ ಉಜ್ಜಿ, ಅಗಸೆ ಎಣ್ಣೆ ಕುಡಿಸಿ, ವಾರ್ನಿಷ್ ಬಳಿದು ಹೊಸದು ಮಾಡಿಕೊಡುವುದು ಅವನ ಇಪ್ಪತ್ತೆರಡು ವರ್ಷದ ಕೆಲಸ. ಹೆಂಡತಿ ಶಾಲೆಯೊಂದರ ಪ್ರಯೋಗಾಲಯ ನೋಡಿಕೊಳ್ಳುವವಳು. ಸೀಸೆ ಕಂಡರೆ ಚೀಟಿ ಅಂಟಿಸದೆ ಬಿಡದವಳು. ಅವಳನ್ನು ಎಲ್ಲರೂ, ಜಗಳದ ದಿನಗಳಲ್ಲಿ ಗಂಡನೂ, ಲ್ಯಾಬ್ ಮೇಡಂ ಎನ್ನುತ್ತಿದ್ದರು. ಮಹಡಿಯ ಕೋಣೆಯಲ್ಲಿ ಪಾಲಿಶಣ್ಣನ ಅಕ್ಕ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗುವುದು ಅವಳ ನೌಕರಿ. ಕೂಗುವ ಗಂಟಲು ಸರ್ಕಾರದ್ದು, ನಾಲಿಗೆ ಮಾತ್ರ ಸ್ವಂತದ್ದು. ಒಮ್ಮೆ ಕೇಳಿದ ದನಿ ಅವಳ ಬಾಯಿಂದ ಅಸಲಿಗಿಂತ ಅಚ್ಚುಕಟ್ಟಾಗಿ ಹೊರಬರುತ್ತಿತ್ತು.

ಪಿಯಾನೋ ಅಂಗಡಿಯ ಯಜಮಾನರು ಆ ಮುಚ್ಚಳ ಕೊಟ್ಟಾಗ ಹೆಚ್ಚು ಮಾತಾಡಿರಲಿಲ್ಲ. ಊರಾಚೆ ಹೊಸ ಕಾರ್ಖಾನೆಯಲ್ಲಿ ಯಂತ್ರದಿಂದ ಬಣ್ಣ ಸಿಂಪಡಿಸುತ್ತಾರೆ, ಒಂದು ಗಂಟೆಯಲ್ಲಿ ಹತ್ತು ಮುಚ್ಚಳ ಆಗುತ್ತದೆ, ಆದರೂ ಕೈಕೆಲಸದ ಹೊಳಪೇ ಬೇರೆ, ಮುಖ ನೋಡಿಕೊಳ್ಳುವ ಹಾಗಿದ್ದರೆ ಇನ್ನು ಅಂಗಡಿಯ ಕೆಲಸವೆಲ್ಲ ನಿಮಗೇ, ಇಲ್ಲದಿದ್ದರೆ ಕಾರ್ಖಾನೆಗೆ, ಎಂದಿದ್ದರು. ಕೊನೆಯಲ್ಲಿ ತಮ್ಮ ಎಂದಿನ ಎಳೆದ ರಾಗದಲ್ಲಿ "ನೋ...ಡೋಣ" ಎಂದಿದ್ದರು.

ಮೊದಲ ಸಲ ಅವರು ನೋಡಲು ಬಂದಾಗ ಕನ್ನಡಿಯಂಥ ಕಪ್ಪಿನ ನಟ್ಟನಡುವೆ ಒಂದು ನೊಣ ಆರೂ ಕಾಲೂರಿ ಗಟ್ಟಿಯಾಗಿ ನಿಂತಿತ್ತು. ಯಜಮಾನರು ಕನ್ನಡಕ ಏರಿಸಿ ಬಗ್ಗಿ, "ಇದೇನು, ಸಹಿ ಹಾಕಿದ್ದೀರಾ?" ಎಂದು ನಕ್ಕರು. ಪಾಲಿಶಣ್ಣ ಪೂರ್ತಿ ಕೆರೆದು ಮತ್ತೆ ಬಳಿದ. ಎರಡನೆಯ ಸಲ ಎರಡು ನೊಣ ಇದ್ದವು. ಈ ಸಲ ಅವರು ನಗಲಿಲ್ಲ. "ಮುಂದಿನ ಶನಿವಾರ ನಾಲ್ಕು ಗಂಟೆ. ಮೂರನೇ ಸಲ ಬರ್ತೀನಿ, ನಾಲ್ಕನೇ ಸಲ ಬರಲ್ಲ. ನೋ...ಡೋಣ."

ಅವರು ಹೋದ ಮೇಲೆ ಪಾಲಿಶಣ್ಣ ಹಿತ್ತಿಲಿಗೆ ಬಂದ. ಹೆಂಡತಿ ಹಣ್ಣಿನ ಸಿಪ್ಪೆ ಚೂರು ಮಾಡಿ ಡಬ್ಬಕ್ಕೆ ಸುರಿಯುತ್ತಿದ್ದಳು. ಮುಚ್ಚಳ ಎತ್ತಿದ್ದೇ ತಡ, ಒಳಗಿನಿಂದ ಹೊಗೆಯ ಹಾಗೆ ನೊಣಗಳು ಎದ್ದವು.

"ಇದೇ ಕೊನೆ. ವಾರ್ನಿಷ್ ಬಳಿಯೋನು ವಾರ್ನಿಂಗ್ ಕೊಡ್ತಾ ಇದೀನಿ ಅಂತ ತಿಳ್ಕೋ. ಈ ಸಲ ಒಂದು ನೊಣ ಬಿತ್ತೋ, ನಿನ್ನ ಡಬ್ಬ ರಸ್ತೆಗೆ."

"ನೊಣದ ಹಣೆ ಮೇಲೆ ನಮ್ಮ ಡಬ್ಬದ ವಿಳಾಸ ಬರೆದಿತ್ತೇನ್ರೀ?"

"ಬರೆಯೋದು ಬೇರೆ ಬೇಕಾ? ಚೀಟಿ ಅಂಟಿಸೋಳು ನೀನು. ಅಂಟಿಸು ಒಂದೊಂದಕ್ಕೂ."

"ಮೂರು ವರ್ಷದಿಂದ ಒಂದು ಹಿಡಿ ಕಸ ಹೊರಗೆ ಹಾಕಿಲ್ಲ ನಾನು. ಈಗ ಎಸೀಬೇಕಾ? ನಿಮ್ಮ ಬಕೆಟ್ ಮೊದಲು ಎಸೀರಿ. ಅದರ ಮೇಲೆ ಕೂರೋ ನೊಣ ಎಲ್ಲಿಂದ ಬರುತ್ತಂತೆ?"

ಬಕೆಟ್ಟಿನ ಮಾತು ಅವನಿಗೆ ನಾಟಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಲ್ಲೂ ಬಿಡಬಾರದು, ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಇಡಬೇಕು ಎಂದು ಕೆಲಸ ಕಲಿಸಿದ ಗುರುಗಳು ಕಿವಿ ಹಿಂಡಿ ಹೇಳಿದ್ದರು. ಯಾಕೆ ಎಂದು ಅವನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಬಕೆಟ್ ಕೋಣೆಯ ಮೂಲೆಯಲ್ಲಿ ಇತ್ತು. ನಿಜ ಹೇಳಬೇಕೆಂದರೆ ಈಚೆಗೆ ಅದರ ನೀರು ಕೆನೆಗಟ್ಟಿ ನಾರುತ್ತಿತ್ತು. ಆ ಸಂಜೆಯೇ ಅವನು ಯಾರಿಗೂ ಹೇಳದೆ ನೀರನ್ನು ಹಿತ್ತಿಲ ಮೋರಿಗೆ ಚೆಲ್ಲಿ ಬಕೆಟ್ ಅಲ್ಲೇ ಬೋರಲು ಹಾಕಿದ.

ಗಂಡಹೆಂಡಿರು ಮಾತು ಬಿಟ್ಟರು. ಅಂಚೆ ಕೆಲಸ ಅಕ್ಕನ ಪಾಲಿಗೆ ಬಂತು. ಅವಳಿಗೂ ಅಷ್ಟೇ ಬೇಕಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ತಮ್ಮನ ಗೊಗ್ಗರು ಗಂಟಲಲ್ಲಿ, "ಟೀ ಇದ್ಯಾ ಅಂತ ಆ ಮಹಾರಾಣೀನ ಕೇಳು," ಎನ್ನುವಳು. ಒಳಕೋಣೆಯ ಬಾಗಿಲಿಗೆ ಬಂದು ಲ್ಯಾಬ್ ಮೇಡಂನ ಮೂಗುದನಿಯಲ್ಲಿ, "ಟೀ ಫ್ಲಾಸ್ಕಲ್ಲಿದೆ, ಫ್ಲಾಸ್ಕಿನ ಮೇಲೆ ಚೀಟಿ ಇದೆ, ಕಣ್ಣಿದ್ದವರು ಓದ್ಕೋಬಹುದು," ಎನ್ನುವಳು. ಒಮ್ಮೊಮ್ಮೆ ಇಬ್ಬರೂ ಹೇಳದ ಮಾತುಗಳನ್ನೂ ಅವರವರ ದನಿಯಲ್ಲೇ ಸೇರಿಸಿಬಿಡುತ್ತಿದ್ದಳು.

ಹೆಂಡತಿ ತನ್ನ ಯುದ್ಧ ಶುರುಮಾಡಿದಳು. ಒದ್ದೆ ಹೆಚ್ಚಾದರೆ ನೊಣ ಹೆಚ್ಚುತ್ತದೆ ಎಂದು ಅವಳಿಗೆ ಗೊತ್ತು. ಡಬ್ಬದ ತಳದ ರಸವನ್ನೆಲ್ಲ ಬಸಿದಳು. ಮರಗೆಲಸದವರ ಹತ್ತಿರದಿಂದ ಒಂದು ಚೀಲ ಮರದ ಪುಡಿ ತಂದು, ಒಣ ಎಲೆ, ಹರಿದ ಪತ್ರಿಕೆಯ ಜೊತೆ ಬುಡದಿಂದ ತಿರುವಿ ಹಾಕಿದಳು. ಇನ್ನು ಸಿಪ್ಪೆ ಹಾಕಿದಷ್ಟೂ ಸಲ ಮೇಲೆ ಎರಡು ಹಿಡಿ ಪುಡಿ. ಗಾಳಿಯ ತೂತುಗಳಿಗೆ ತೆಳುಬಟ್ಟೆ ಕಟ್ಟಿದಳು. ಪಕ್ಕದಲ್ಲಿ ಒಂದು ಬಟ್ಟಲು ವಿನಿಗರ್, ಅದಕ್ಕೊಂದು ಹನಿ ಸೋಪು; ಕುಡಿಯಲು ಬಂದ ನೊಣ ಅಲ್ಲೇ ಮುಳುಗಬೇಕು. ದಿನಾ ಸಂಜೆ ಹೆಣ ಎಣಿಸಿ ಗೋಡೆಗೆ ಚೀಟಿ ಅಂಟಿಸುತ್ತಿದ್ದಳು. ಸೋಮವಾರ: ನಲವತ್ತೊಂದು. ಮಂಗಳವಾರ: ಮೂವತ್ತು.

ಗಂಡನದು ಗುಟ್ಟಿನ ಯುದ್ಧ. ಆ ವಾರ ಯಾವುದೋ ಕಚೇರಿಯ ಆರು ಕುರ್ಚಿಗಳಿಗೆ ಎಣ್ಣೆ ಕುಡಿಸುವ ಕೆಲಸವೂ ಇತ್ತು. ಎಣ್ಣೆಬಟ್ಟೆ ರಾಶಿ ಬಿತ್ತು. ಬಕೆಟ್ ಇಲ್ಲ. ಆಗ ಅವನಿಗೆ ಹೊಳೆಯಿತು: ಅಗಸೆ ಎಣ್ಣೆಯ ಘಾಟಿಗೆ ಮನುಷ್ಯರೇ ಓಡುತ್ತಾರೆ, ನೊಣ ಯಾವ ಲೆಕ್ಕ! ಗೊಬ್ಬರದ ಡಬ್ಬ ಅಂದರೆ ಯಾವಾಗಲೂ ತೊಟ್ಟಿಕ್ಕುವ ವಸ್ತು, ಅದೂ ಒಂಥರಾ ನೀರಿನ ಬಕೆಟ್ಟೇ. ಹೆಂಡತಿ ಶಾಲೆಗೆ ಹೋದ ಮೇಲೆ ಮೂಗು ಹಿಡಿದು, ಮುಖ ಆಚೆ ತಿರುಗಿಸಿ, ಕೋಲಿನಿಂದ ನಡುವೆ ಗುಂಡಿ ತೋಡಿ, ಬಟ್ಟೆಗಳನ್ನು ಆಳಕ್ಕೆ ತುರುಕಿ, ಪುಡಿ ಎಳೆದು ಮುಚ್ಚಿಬಿಟ್ಟ. ಮಂಗಳವಾರ, ಬುಧವಾರ, ಗುರುವಾರ. ಶತ್ರುವಿನ ಹೊಟ್ಟೆಯೊಳಗೇ ತನ್ನ ಸೈನ್ಯ ಇಟ್ಟವನ ಹಾಗೆ ಅವನು ಒಳಗೊಳಗೇ ಬೀಗುತ್ತಿದ್ದ.

ಬುಧವಾರವೇ ಕೋಣೆಯ ಬಂದೋಬಸ್ತೂ ಆಯಿತು. ಕಿಟಕಿಯ ಸಂದುಗಳಿಗೆಲ್ಲ ಅಂಟು ಹಚ್ಚಿ ಕಾಗದ ಮೆತ್ತಿದ. ಬಾಗಿಲ ಕೆಳಗೆ ಒದ್ದೆ ಗೋಣಿ. ಕಿಟಕಿಯ ಪಕ್ಕದ ಹಲಗೆಯ ಮೇಲೆ ವಾರ್ನಿಷ್ ಡಬ್ಬಿ, ಸ್ಪಿರಿಟ್ ಕ್ಯಾನುಗಳು ಸಾಲಾಗಿ ನಿಂತಿದ್ದವು. ಅವನು ಡಬ್ಬಿಯೊಂದರ ಬಾಯಿ ತೆಗೆದ. ಟಣ್ ಎಂದಿತು. ಬ್ರಷ್ ಅದ್ದಿದ.

ಗುಂಯ್...

ಬ್ರಷ್ ಗಾಳಿಯಲ್ಲೇ ನಿಂತಿತು. ದನಿಯೂ ನಿಂತಿತು. ಬ್ರಷ್ ಇಳಿಸಿದ. ಗುಂಯ್ಯ್ಯ್... ತಲೆಯ ಮೇಲೆಲ್ಲೋ. ಅವನು ಪತ್ರಿಕೆ ಸುತ್ತಿ ಹಿಡಿದು ಮೂಲೆ ಮೂಲೆ ಹುಡುಕಿದ. ಹಲಗೆಯ ಕೆಳಗೆ, ಕುರ್ಚಿಗಳ ಹಿಂದೆ, ದೀಪದ ಬುರುಡೆಯ ಸುತ್ತ. ನಾಲ್ಕು ಗೋಡೆ, ಒಂದು ಕಪ್ಪು ಮುಚ್ಚಳ, ಅದರೊಳಗೆ ಪತ್ರಿಕೆ ಹಿಡಿದು ತನ್ನನ್ನೇ ನೋಡುತ್ತಿರುವ ತಾನು. ನೊಣ ಎಲ್ಲೂ ಇಲ್ಲ. ಅಂತೂ ಒಂದು ಕೋಟು ಮುಗಿಸುವಷ್ಟರಲ್ಲಿ ಆ ದನಿ ಹದಿನಾಲ್ಕು ಸಲ ಬಂತು, ಹದಿನಾಲ್ಕು ಸಲ ಹೋಯಿತು.

ಗುರುವಾರ ನಿಶ್ಶಬ್ದ. ಅಂದು ಅಕ್ಕನಿಗೆ ನಿಲ್ದಾಣದಲ್ಲಿ ಇಡೀ ದಿನದ ಪಾಳಿ. ಎರಡಕ್ಕೂ ಸಂಬಂಧ ಇರಬಹುದೆಂದು ಹೊಳೆಯುವಷ್ಟು ತಲೆ ಅವನಿಗೆ ಅಂದು ನೆಟ್ಟಗಿರಲಿಲ್ಲ. ನೊಣಕ್ಕೂ ವಾರದ ರಜೆ ಇರುತ್ತದೇನೋ ಅಂದುಕೊಂಡ.

ಶುಕ್ರವಾರ ಅದು ಮತ್ತೆ ಬಂತು. ಕಿವಿಗೆ ಹತ್ತಿ ತುರುಕಿಕೊಂಡ. ಹತ್ತಿಯ ಆಚೆಯೂ ಬಂತು. ಕೊನೆಗೆ ಸೋತು, ಆರು ದಿನದ ಮೇಲೆ ಮೊದಲ ಸಲ ಹೆಂಡತಿಯ ಹತ್ತಿರ ಹೋಗಿ ನಿಂತ.

"ನಿನಗೇನಾದ್ರೂ ಕೇಳಿಸ್ತಾ?"

"ಏನು?"

"ನೊಣ. ಕೋಣೇಲಿ. ಒಂದೇ ಸಮನೆ."

ಅವಳು ತಲೆ ಎತ್ತದೆ ಸೀಸೆ ಒರೆಸುತ್ತ, "ಡಬ್ಬ ಮುಚ್ಚಿದೆ, ಕೋಣೆ ಮುಚ್ಚಿದೆ, ಇನ್ನೆಲ್ಲಿಂದ ಬರುತ್ತೆ? ನನಗಂತೂ ಏನೂ ಕೇಳಿಸ್ಲಿಲ್ಲ," ಎಂದಳು.

ಮೆಟ್ಟಿಲ ಮೇಲೆ ಕೂತಿದ್ದ ಅಕ್ಕ, "ಕಿವಿ ತೋರಿಸ್ಕೋ ತಮ್ಮಾ. ಇಲ್ಲಾ ಅದರ ಪಕ್ಕದ್ದು ತೋರಿಸ್ಕೋ," ಎಂದು ತಲೆ ಮುಟ್ಟಿ ತೋರಿಸಿದಳು.

ಅದನ್ನು ಕೇಳಿ ಅವನಿಗೆ ಗುರುಗಳ ನೆನಪಾಯಿತು. ನಲವತ್ತು ವರ್ಷ ವಾರ್ನಿಷ್ ಗಾಳಿ ಕುಡಿದ ಗುರುಗಳು ಕೊನೆಕೊನೆಗೆ ಬರಿಗಾಳಿಯಲ್ಲಿ ಕೈ ಬೀಸುತ್ತಿದ್ದರು. "ಹೋಗು, ಹೋಗು," ಎಂದು ಯಾರಿಗೂ ಕಾಣದ ಏನನ್ನೋ ಓಡಿಸುತ್ತಿದ್ದರು. ಆಮೇಲೆ ಅವರ ಕೈ ನಡುಗತೊಡಗಿತು. ಕೈ ನಡುಗಿದ ಮೇಲೆ ಪಾಲಿಶ್‌ನವನು ಇದ್ದರೆಷ್ಟು, ಇಲ್ಲದಿದ್ದರೆಷ್ಟು? ಇದನ್ನು ಅವನು ಅಕ್ಕನಿಗೂ ಹೇಳಿರಲಿಲ್ಲ. ಬಲಗೈ ಚಾಚಿ ನೋಡಿಕೊಂಡ. ಬೆರಳ ತುದಿ ಸಣ್ಣಗೆ, ದೂರದಲ್ಲಿ ಲಾರಿ ಹೋದರೆ ನೀರಿನ ಲೋಟ ಅಲುಗುವಷ್ಟು, ಅಲುಗುತ್ತಿತ್ತು.

ಅಂದು ಸಂಜೆ ಹಿತ್ತಿಲಿಂದ ಹೆಂಡತಿ ಕೂಗಿದಳು. "ರೀ! ಇಲ್ಲಿ ಬನ್ನಿ, ನೋಡಿ."

ಡಬ್ಬದ ಅಂಚಿನಿಂದ ಗೋಡೆಯ ಮೇಲಕ್ಕೆ ಒಂದು ಬಿಳಿ ಗೆರೆ ಎಳೆದಂತಿತ್ತು. ಹತ್ತಿರ ಹೋದರೆ ಗೆರೆ ಹರಿಯುತ್ತಿತ್ತು. ಹುಳುಗಳು. ಅಕ್ಕಿಕಾಳಿನಷ್ಟು ದಪ್ಪನೆಯ ನೂರಾರು ಹುಳುಗಳು ಒಂದರ ಹಿಂದೊಂದು, ಮನೆ ಖಾಲಿ ಮಾಡುವವರ ಹಾಗೆ, ಹಿಂದೆ ತಿರುಗಿ ನೋಡದೆ ಗೋಡೆ ಏರುತ್ತಿದ್ದವು.

"ಹೊರಟುಹೋಗ್ತಾ ಇವೆ ಎಲ್ಲಾ! ವಿನಿಗರ್ ಬಟ್ಟಲಲ್ಲಿ ಒಂದೂ ನೊಣ ಇಲ್ಲ. ನನ್ನ ಒಣಪುಡಿ ಕೆಲಸ ಮಾಡ್ತು," ಎಂದು ಅವಳು ಚೀಟಿ ಅಂಟಿಸಿದಳು. ಶುಕ್ರವಾರ: ಸೊನ್ನೆ.

ನಿನ್ನ ಪುಡಿಯಲ್ಲ, ನನ್ನ ಎಣ್ಣೆ, ಎಂದುಕೊಂಡ ಪಾಲಿಶಣ್ಣ. ಒಣ ಎಂಬ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ.

ಅವಳು ಡಬ್ಬದ ಹೊಟ್ಟೆಗೆ ಅಂಗೈ ಇಟ್ಟಳು. "ಬೆಚ್ಚಗಿದೆ. ಗೊಬ್ಬರ ಚೆನ್ನಾಗಿ ಹಣ್ಣಾಗ್ತಾ ಇದ್ರೆ ಹೀಗೇ ಬಿಸಿ ಬರೋದು." ಜ್ವರ ಬಂದ ಮಗುವಿನ ಹಣೆ ಮುಟ್ಟಿ ಕೆನ್ನೆ ಕೆಂಪಾಗಿದೆ ಎಂದು ಖುಷಿಪಟ್ಟ ಹಾಗಿತ್ತು ಅದು. ಗಂಡಹೆಂಡಿರಿಬ್ಬರೂ ತಾವೇ ಗೆದ್ದೆವೆಂದು ಒಳಗೆ ಬಂದರು. ಹುಳುಗಳು ಮಾತ್ರ ಕತ್ತಲಾಗುವವರೆಗೂ ಏರುತ್ತಲೇ ಇದ್ದವು.

ಶನಿವಾರ ಕೊನೆಯ ಕೋಟು. ಮಧ್ಯಾಹ್ನ ಹನ್ನೆರಡಕ್ಕೇ ಶುರುಮಾಡಬೇಕಿತ್ತು. ಪಾಲಿಶಣ್ಣ ಮೂರು ಸಲ ಬ್ರಷ್ ಎತ್ತಿದ, ಮೂರು ಸಲ ಕೆಳಗಿಟ್ಟ. ಮನೆಯಲ್ಲಿ ಒಂದೂ ನೊಣವಿಲ್ಲ ಎಂದು ಗೋಡೆಯ ಚೀಟಿಯೇ ಹೇಳುತ್ತಿದೆ. ಈಗಲೂ ಆ ದನಿ ಬಂದರೆ ಅದು ಕೋಣೆಯದ್ದಲ್ಲ, ತನ್ನದೇ. ಎರಡೂವರೆಗೆ, ಇನ್ನು ತಡೆದರೆ ಆಗದು ಎಂದು ಡಬ್ಬಿಯ ಬಾಯಿ ತೆಗೆದ. ಟಣ್.

ಗುಂಯ್ಯ್ಯ್...

ಅವನು ಕಣ್ಣು ಮುಚ್ಚಿ ತೆರೆದ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬಳಿಯತೊಡಗಿದ. ದನಿ ಬಂತು, ಬಳಿದ. ದನಿ ಹೋಯಿತು, ಬಳಿದ. ಕಪ್ಪು ಒಂದೊಂದೇ ಗೇಣು ತೆರೆದುಕೊಳ್ಳುತ್ತ ಹೋಯಿತು. ಅರ್ಧ ದಾಟಿದ ಮೇಲೆ ಹೊಸದೊಂದು ಸೇರಿಕೊಂಡಿತು. ವಾಸನೆ. ವಾರ್ನಿಷಿನದಲ್ಲ, ಸ್ಪಿರಿಟ್ಟಿನದಲ್ಲ, ಕಹಿಯಾಗಿ, ಬಾಣಲೆಯಲ್ಲಿ ಎಣ್ಣೆ ಹೊತ್ತಿದ ಹಾಗೆ. ಕಿವಿ ಹೋಯಿತು, ಈಗ ಮೂಗೂ ಹೋಯಿತು ಎಂದುಕೊಂಡ. ಕೊನೆಯ ಗೆರೆ ಎಳೆದು ಬ್ರಷ್ ಇಟ್ಟ. ಮುಚ್ಚಳದ ಮೇಲೆ ಧೂಳಿನ ಕಣವೂ ಇರಲಿಲ್ಲ. ಗಡಿಯಾರದಲ್ಲಿ ಮೂರೂ ಇಪ್ಪತ್ತು.

ಗುಂಯ್ಯ್ಯ್ಯ್ಯ್... ಎಂದಿತು ತಲೆಯ ಮೇಲೆ, ಶಾಭಾಸ್ ಹೇಳುವಂತೆ.

ಎಲ್ಲದಕ್ಕೂ ಮೂಲ ಆ ಡಬ್ಬ. ಗೋಣಿ ಒದ್ದು, ಬಾಗಿಲು ಹಾರುಹೊಡೆದು, ಅದನ್ನೆತ್ತಿ ರಸ್ತೆಗೆ ಎಸೆಯಲೆಂದೇ ಹಿತ್ತಿಲಿಗೆ ಓಡಿದ.

ಡಬ್ಬದ ತೂತುಗಳಿಂದ ಹೊಗೆಯ ಎಳೆಗಳು ನೆಟ್ಟಗೆ ಏಳುತ್ತಿದ್ದವು. ಪ್ಲಾಸ್ಟಿಕ್ಕಿನ ಹೊಟ್ಟೆ ಮೆತ್ತಗಾಗಿ ಒಂದು ಕಡೆಗೆ ಜೋತುಬಿದ್ದಿತ್ತು, ಕಿಟಕಿಯ ಕಡೆಗೆ. ಕಿಟಕಿಯ ಸಂದಿಗೆ ಮೆತ್ತಿದ್ದ ಕಾಗದದ ಅಂಚು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಕಾಗದದ ಆಚೆ ಹಲಗೆ. ಹಲಗೆಯ ಮೇಲೆ ಸ್ಪಿರಿಟ್.

ಗುರುಗಳು ಕಿವಿ ಹಿಂಡಿದ್ದು ಯಾಕೆಂದು ಇಪ್ಪತ್ತೆರಡು ವರ್ಷದ ಮೇಲೆ ಅವನಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. "ಬಕೆಟ್!" ಎಂದು ತಿರುಗಿದ. ಬಕೆಟ್ ಬೋರಲು ಬಿದ್ದಿತ್ತು, ಅವನೇ ಹಾಕಿದ್ದ ಹಾಗೆ.

ಕಾಲೆತ್ತಿ ಒದ್ದ. ಡಬ್ಬ ಕಟ್ಟೆಯಿಂದ ಉರುಳಿ ಅಂಗಳದ ನಡುವೆ ಬಾಯಿಬಿಟ್ಟಿತು. ಗಾಳಿ ತಾಗಿದ್ದೇ ತಡ, ಕಪ್ಪು ಮುದ್ದೆಯಿಂದ ಆಳೆತ್ತರ ಬೆಂಕಿ ಎದ್ದಿತು. ಹೆಂಡತಿ ಹೊರಗೆ ಬಂದವಳು ಕೂಗಲಿಲ್ಲ. ಗೋಡೆಗೆ ಒರಗಿಸಿದ್ದ, ಹೋದ ವರ್ಷದ ಹಣ್ಣಾದ ಗೊಬ್ಬರದ ಚೀಲವನ್ನು ದರದರ ಎಳೆದು ತಂದು ಬೆಂಕಿಯ ಮೇಲೆ ಬೋರಲು ಹಾಕಿದಳು. ತಂಪು ಕಪ್ಪು ಮಣ್ಣು ಧಸಕ್ಕೆಂದು ಕೂತಿತು. ಇನ್ನೊಂದು ಚೀಲ. ಅಕ್ಕ ಮೆಟ್ಟಿಲು ಹಾರಿ ಬಂದು ಕಾಲಲ್ಲೇ ಮಣ್ಣು ತಳ್ಳಿದಳು. ಬೆಂಕಿ ಎರಡು ಸಲ ಗೊರಕೆ ಹೊಡೆದು ಅಡಗಿತು.

ಮೂವರೂ ಕಟ್ಟೆಯ ಮೇಲೆ ಕುಸಿದರು. ಆಗ ಪಾಲಿಶಣ್ಣನ ಕಣ್ಣು ಅಕ್ಕನ ಕೈಯ ಮೇಲೆ ಬಿತ್ತು. ಅವಳ ಮುಷ್ಟಿಯಲ್ಲಿ ತೆಳು ಕಾಗದ ಸುತ್ತಿದ ಬಾಚಣಿಗೆ ಇತ್ತು.

"ಅದೇನಕ್ಕಾ?"

ಅಕ್ಕ ಬಾಚಣಿಗೆ ನೋಡಿದಳು, ಹೇಳಿಬಿಡಲೇ ಎನ್ನುವಂತೆ ಲ್ಯಾಬ್ ಮೇಡಂನ ಮುಖ ನೋಡಿದಳು. ಮುಚ್ಚಿಡುವ ತ್ರಾಣ ಯಾರಿಗೂ ಇರಲಿಲ್ಲ. ಅಕ್ಕ ಬಾಚಣಿಗೆಯನ್ನು ತುಟಿಗಿಟ್ಟು ಸಣ್ಣಗೆ ಊದಿದಳು.

ಗುಂಯ್ಯ್...

"ನನ್ನ ಕೋಣೆ ನೆಲದಲ್ಲಿ ಹಳೇ ವೈರಿನ ತೂತಿದೆಯಲ್ಲ, ನೇರ ನಿನ್ನ ತಲೆ ಮೇಲೆ. ಡಬ್ಬಿ ಟಣ್ ಅಂದ್ರೆ ನಾನು ಗುಂಯ್. ಡಬ್ಬ ಮುಚ್ಚಿದ್ರೂ ನೊಣ ಬರುತ್ತೆ ಅಂತ ಗೊತ್ತಾದ್ರೆ ಅವಳ ಮೇಲಿನ ಸಿಟ್ಟು ಬಿಡ್ತೀಯ ಅಂತ ನಾವಿಬ್ರೂ ಅಂದ್ಕೊಂಡ್ವಿ ಕಣೋ," ಎಂದಳು. ಹೇಳುತ್ತಲೇ ಅವಳಿಗೆ ನಗು ಬಂತು. ಹೆಂಡತಿಗೂ ಬಂತು. ಬೆಂಕಿಯಿಂದ ಪಾರಾದವರ ನಗು, ತಡೆದರೆ ಅಳುವಾಗುವಂಥದ್ದು. "ಪತ್ರಿಕೆ ಹಿಡ್ಕೊಂಡು ಕುಣೀತಿದ್ದದ್ದು... ತೂತಿಂದ ಪೂರ್ತಿ ಕಾಣ್ತಿತ್ತು..." ಎಂದಳು ಅಕ್ಕ.

ಪಾಲಿಶಣ್ಣ ನಗಲಿಲ್ಲ. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಕೋಲಿನಿಂದ ಮಣ್ಣು ಕೆದಕಿದಳು. ಸುಟ್ಟು ಕರಿಕಾದ ಬಟ್ಟೆಯ ಮುದ್ದೆಯೊಂದು ಕೋಲಿಗೆ ಸಿಕ್ಕಿಕೊಂಡು ಬಂತು.

"ಇದೇನ್ರೀ?"

"ಎಣ್ಣೆ ಬಟ್ಟೆ. ನಾನೇ ಇಟ್ಟಿದ್ದು. ಮೂರು ದಿನ. ಒಳಗೆ ಒದ್ದೆ ಇರುತ್ತೆ ಅಂದ್ಕೊಂಡಿದ್ದೆ."

"ಒಣಗಿದ ಮರದ ಪುಡಿ ಒಳಗೆ? ಅಗಸೆ ಎಣ್ಣೆ ಬಟ್ಟೇನಾ? ಮುದ್ದೆ ಮಾಡಿಟ್ರೆ ತಾನಾಗೇ ಕಾದು ಹೊತ್ಕೊಳ್ಳುತ್ತೆ ರೀ ಅದು!" ಅವಳ ನಗು ಅರ್ಧಕ್ಕೆ ನಿಂತಿತು. ಹಿಂದಿನ ಸಂಜೆ ಡಬ್ಬದ ಹೊಟ್ಟೆ ಮುಟ್ಟಿದ್ದ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅಕ್ಕ ಮಹಡಿಯ ತನ್ನ ಕಿಟಕಿಯ ಕಡೆಗೆ ನೋಡಿದಳು. ನೆಲಕ್ಕೆ ಕಿವಿಯಿಟ್ಟು ಅವಳು ಬೋರಲು ಮಲಗುತ್ತಿದ್ದ ಜಾಗ ಸ್ಪಿರಿಟ್ ಕ್ಯಾನುಗಳಿದ್ದ ಕೋಣೆಯ ನೇರ ಮೇಲಿತ್ತು.

ಪಾಲಿಶಣ್ಣ ಎದ್ದು ಕೋಣೆಗೆ ಹೋದ. ಇಬ್ಬರೂ ಸದ್ದಿಲ್ಲದೆ ಹಿಂಬಾಲಿಸಿದರು. ಹಾರುಹೊಡೆದಿದ್ದ ಬಾಗಿಲು ಹಾಗೆಯೇ ತೆರೆದಿತ್ತು. ಹಸಿ ಕಪ್ಪು ಮುಚ್ಚಳದ ನಟ್ಟನಡುವೆ, ಎಲ್ಲಿಂದಲೋ ಬಂದ ಒಂದು ನೊಣ ಆರೂ ಕಾಲೂರಿ ಕೂತಿತ್ತು. ರೆಕ್ಕೆ ಬಡಿಯಿತು. ಏಳಲಾಗಲಿಲ್ಲ.

ಆಗಲೇ ಹಿಂದಿನಿಂದ ಎಳೆದ ರಾಗದಲ್ಲಿ ದನಿ ಬಂತು: "ನೋ...ಡೋಣ."

"ಅಕ್ಕಾ, ಸಾಕು," ಎಂದ ಅವನು ತಿರುಗದೆ.

ಹೆಂಡತಿ ಅವನ ತೋಳು ಹಿಡಿದಳು. ಅವನು ತಿರುಗಿದ. ಅಕ್ಕ ಪಕ್ಕದಲ್ಲೇ ನಿಂತಿದ್ದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು. ಅವಳ ಹಿಂದೆ, ಬಾಗಿಲಲ್ಲಿ, ಕನ್ನಡಕ ಏರಿಸಿಕೊಳ್ಳುತ್ತಿದ್ದ ಪಿಯಾನೋ ಅಂಗಡಿಯ ಯಜಮಾನರು.

ಪಾಲಿಶಣ್ಣ ನೊಣದ ಕಡೆಗೆ ಬಲಗೈ ಚಾಚಿದ. "ನಿಮಗೆ ಕಾಣ್ತಿದ್ಯಾ ಸ್ವಾಮಿ, ಅದು?"

"ಕಾಣ್ದೆ ಏನು? ನೊಣ," ಎಂದರು ಅವರು ಮುಖ ಗಂಟಿಕ್ಕಿ.

"ನಿನಗೆ?"

"ಕಾಣ್ತಿದೆ ರೀ," ಎಂದಳು ಹೆಂಡತಿ ಅಳುದನಿಯಲ್ಲಿ.

ಎಲ್ಲರಿಗೂ ಕಾಣುತ್ತಿತ್ತು. ಚಾಚಿದ ಬೆರಳು ಕಲ್ಲಿನ ಹಾಗೆ ನಿಂತಿತ್ತು, ಒಂದಿಷ್ಟೂ ಅಲುಗದೆ. ಅವನು ಆ ಬೆರಳನ್ನೇ ನೋಡಿದ, ಆಮೇಲೆ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಯಜಮಾನರು ಬಂದ ದಾರಿಯಲ್ಲೇ ಹೊರಟುಹೋದ ಮೇಲೂ, ಅಕ್ಕ "ತಮ್ಮಾ, ಏನಾಯ್ತೋ?" ಎಂದು ತನ್ನ ಸ್ವಂತ ದನಿಯಲ್ಲಿ ಕೇಳಿದ ಮೇಲೂ, ಹಲಗೆಯ ಮೇಲಿನ ಕ್ಯಾನುಗಳು ಸಣ್ಣಗೆ ಕಂಪಿಸುವಷ್ಟು ಗಟ್ಟಿಯಾಗಿ, ಅವನೊಬ್ಬನೇ ನಗುತ್ತಿದ್ದ.